ನೆನೆದ ನಾರಿನ ಸವೆತ: ಕಾಂಪೋಸಿಟ್ ಬುಶ್‌ಗಳ ಅಂಕಿಗಳನ್ನು ಎಷ್ಟು ನಂಬಬಹುದು?

ಬೆಳಗಾವಿಯ ಉದ್ಯಮಬಾಗದ ಲೇತ್ ಅಂಗಡಿಗಳಲ್ಲಾಗಲಿ, ಮುಧೋಳ–ಮಹಾಲಿಂಗಪುರ ಭಾಗದ ಬೆಲ್ಲದ ಗಾಣಗಳಲ್ಲಾಗಲಿ, ತಿರುಗುವ ಶಾಫ್ಟನ್ನು ಹೊರುವ ಬುಶ್ ಎಂದರೆ ಇಂದಿಗೂ ಬಹುಮಟ್ಟಿಗೆ ಗನ್‌ಮೆಟಲ್ ಎಂಬ ಒಂದು ಬಗೆಯ ಕಂಚಿನದು, ಇಲ್ಲವೇ ನೈಲಾನಿನದು. ಕೆಲವು ವರ್ಷಗಳಿಂದ ಇವುಗಳ ಜೊತೆಗೆ ಮೂರನೆಯ ಹೆಸರೊಂದು ಕೇಳಿಬರುತ್ತಿದೆ, ಅದು ನೈಸರ್ಗಿಕ ನಾರಿನ ಕಾಂಪೋಸಿಟ್. ಸೆಣಬು, ಕತ್ತಾಳೆ, ಪುಂಡಿ, ಬಾಳೆ, ತೆಂಗು ಅಥವಾ ಕಬ್ಬಿನ ಸಿಪ್ಪೆಯ ನಾರನ್ನು ಎಪಾಕ್ಸಿ ಇಲ್ಲವೇ ಪಾಲಿಯೆಸ್ಟರ್ ರಾಳದಲ್ಲಿ ಹುದುಗಿಸಿ ಗಟ್ಟಿಗೊಳಿಸಿದ ವಸ್ತುವಿದು. ಎಂಜಿನಿಯರಿಂಗ್ ಕಾಲೇಜುಗಳ ಮೆಕ್ಯಾನಿಕಲ್ ವಿಭಾಗಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟಿನಿಂದ ಹಿಡಿದು ಪಿಎಚ್.ಡಿ. ಪ್ರಬಂಧದವರೆಗೆ ಇದು ಪರಿಚಿತ ವಿಷಯ. ಗಾಜಿನ ನಾರಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ ಇದ್ದರೆ ಸೆಣಬಿನದು 1.3ರಿಂದ 1.5 ಗ್ರಾಂ ಮಾತ್ರ. ಬೆಲೆಯೂ ಕಡಿಮೆ, ಕಚ್ಚಾ ಸಾಮಗ್ರಿ ಹೊಲದ ಬದುವಿನಲ್ಲೇ ಬೆಳೆಯುತ್ತದೆ. ಹೀಗಾಗಿ ಉತ್ಸಾಹ ಸಹಜವೇ. ಆದರೆ ಈ ಉತ್ಸಾಹಕ್ಕೆ ಆಧಾರವಾಗಿ ತೋರಿಸುವ ಸವೆತದ ಅಂಕಿಗಳಲ್ಲಿ ಹೆಚ್ಚಿನವು, ಹೊಸದಾಗಿ ಎರಕ ಹೊಯ್ದ ಒಣ ತುಂಡನ್ನು ಒಣ ಉಕ್ಕಿನ ತಟ್ಟೆಯ ಮೇಲೆ ಉಜ್ಜಿ ಪಡೆದವು.

ನಮ್ಮ ಭಾಗದ ಕೆಲಸವಾದರೋ ಒಣ ಕೆಲಸವಲ್ಲ. ಗಾಣದ ಬುಶ್ಶಿನ ಮೇಲೆ ಹಂಗಾಮು ಮುಗಿಯುವವರೆಗೂ ಕಬ್ಬಿನ ಹಾಲು ಸಿಡಿಯುತ್ತಲೇ ಇರುತ್ತದೆ. ಘಟಪ್ರಭಾ, ಮಲಪ್ರಭಾ ಕಾಲುವೆಗಳ ಗೇಟುಗಳಲ್ಲಿ ತಿರುಗುವ ಭಾಗಗಳು ತಿಂಗಳುಗಟ್ಟಲೆ ನೀರಿನಲ್ಲಿದ್ದು, ಕಾಲುವೆ ಬಂದಾದ ಮೇಲೆ ಬಿಸಿಲಿಗೆ ಬೀಳುತ್ತವೆ. ಟ್ರ್ಯಾಕ್ಟರಿಗೆ ಕಟ್ಟುವ ಸಲಕರಣೆಗಳಿಗೆ ಕೆಸರು, ಡೀಸೆಲ್, ಔಷಧ ಸಿಂಪಡಣೆಯ ದ್ರಾವಣ ಎಲ್ಲವೂ ತಗಲುತ್ತವೆ. ಉದ್ಯಮಬಾಗದಲ್ಲಿ ತಯಾರಾಗುವ ಹೈಡ್ರಾಲಿಕ್ ಸಿಲಿಂಡರುಗಳ ಒಳಗಿನ ಭಾಗಗಳು ಬದುಕುವುದೇ ಎಣ್ಣೆಯಲ್ಲಿ. ಆದ್ದರಿಂದ, ಈ ವಸ್ತು ದ್ರವದಲ್ಲಿ ನೆನೆದು ಹಳತಾದಾಗ ಅದರ ಘರ್ಷಣೆ ಮತ್ತು ಸವೆತ ಹೇಗೆ ಬದಲಾಗುತ್ತವೆ ಎಂಬುದು ಇಲ್ಲಿನವರಿಗೆ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ. ಇದಕ್ಕೆ ಉತ್ತರವಾಗಿ ಪ್ರಯೋಗಶಾಲೆಯಿಂದ ಬರುವ ಅಂಕಿಯನ್ನು, ದ್ರವವು ಆ ತುಂಡಿನೊಳಗೆ ಎಲ್ಲಿತ್ತು, ಎಷ್ಟಿತ್ತು, ಉಜ್ಜುವಾಗ ಎಷ್ಟು ಹೊರಹೋಯಿತು ಎಂಬುದನ್ನು ಕೇಳದೆ ಒಪ್ಪಿಕೊಳ್ಳಬಾರದು ಎಂಬುದು ಈ ಲೇಖನದ ವಾದ.

ನೀರಿನ ಕಡೆಗೆ ನಾರಿಗೆ ಇರುವ ಸೆಳೆತ ಅದರ ರಚನೆಯಲ್ಲೇ ಇದೆ. ಸೆಣಬಿನ ನಾರಿನಲ್ಲಿ ಸ್ಥೂಲವಾಗಿ ಶೇ 60ರಿಂದ 70ರಷ್ಟು ಸೆಲ್ಯುಲೋಸ್, ಶೇ 13ರಿಂದ 20ರಷ್ಟು ಹೆಮಿಸೆಲ್ಯುಲೋಸ್, ಶೇ 12ರ ಆಸುಪಾಸಿನಲ್ಲಿ ಲಿಗ್ನಿನ್ ಇರುತ್ತವೆ. ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ಎರಡರ ಮೈತುಂಬ ಹೈಡ್ರಾಕ್ಸಿಲ್ ಗುಂಪುಗಳಿವೆ. ನೀರಿನ ಅಣು ಇವುಗಳಿಗೆ ಹೈಡ್ರೋಜನ್ ಬಂಧದ ಮೂಲಕ ಅಂಟಿಕೊಳ್ಳುತ್ತದೆ. ಇವೆರಡರಲ್ಲಿ ಹೆಚ್ಚು ದಾಹ ಹೆಮಿಸೆಲ್ಯುಲೋಸಿನದು, ಏಕೆಂದರೆ ಅದರ ಸರಪಳಿಗಳು ಸೆಲ್ಯುಲೋಸಿನಂತೆ ಒತ್ತಾಗಿ, ಹರಳುಗಟ್ಟಿ ಕುಳಿತಿರುವುದಿಲ್ಲ. ಸೆಣಬಿನ ವ್ಯಾಪಾರದಲ್ಲಿ ಒಣ ತೂಕದ ಮೇಲೆ ಶೇ 13.75ರಷ್ಟು ತೇವವನ್ನು ಸಹಜವೆಂದು ಒಪ್ಪಿಕೊಂಡು ಲೆಕ್ಕ ಹಾಕುತ್ತಾರೆ ಎಂದರೆ, ಬರೀ ಗಾಳಿಯಲ್ಲಿಟ್ಟ ನಾರು ಕೂಡ ಒಣದಲ್ಲ ಎಂದಾಯಿತು. ನಮ್ಮಲ್ಲಿ ಪಲ್ಯಕ್ಕೆ ಎಲೆ ಕೊಡುವ ಪುಂಡಿಯ ಕಾಂಡದಿಂದ ನಾರು ತೆಗೆಯಬೇಕಾದರೆ ಅದನ್ನು ಹೊಂಡದಲ್ಲಿ ಕೊಳೆಹಾಕಬೇಕು. ಆಗ ಸೂಕ್ಷ್ಮಜೀವಿಗಳು ನಾರಿನ ಎಳೆಗಳನ್ನು ಕಾಂಡಕ್ಕೆ ಹಿಡಿದಿಟ್ಟಿರುವ ಪೆಕ್ಟಿನ್ ಮೊದಲಾದ ಅಂಟನ್ನು ಕರಗಿಸುತ್ತವೆ. ಎಳೆಯೊಳಗಿನ ಸೂಕ್ಷ್ಮ ತಂತುಗಳನ್ನು ಬೆಸೆದಿರುವುದೂ ಇದೇ ಜಾತಿಯ ಅಂಟು. ಕಾಂಪೋಸಿಟ್ ಒಳಗೆ ಸೇರಿದ ಮೇಲೂ ನೀರಿಗೆ ಮೊದಲು ಸೋಲುವುದು ಅದೇ.

ರಾಳದ ಸ್ವಭಾವ ಬೇರೆ. ಗಟ್ಟಿಯಾದ ಎಪಾಕ್ಸಿ ತನ್ನಷ್ಟಕ್ಕೆ ತಾನು ಪೂರ್ತಿ ನೆನೆದರೂ ತೂಕದ ಶೇ 2ರಿಂದ 4ರಷ್ಟು ನೀರನ್ನು ಮಾತ್ರ ಹಿಡಿಯುತ್ತದೆ, ಪಾಲಿಪ್ರೊಪಿಲೀನ್ ಹಿಡಿಯುವುದು ಶೇ 0.1ಕ್ಕಿಂತಲೂ ಕಡಿಮೆ. ಅದೇ ರಾಳಕ್ಕೆ ನಾರು ಸೇರಿದೊಡನೆ ಲೆಕ್ಕ ಶೇ 10ನ್ನು ಸುಲಭವಾಗಿ ದಾಟಬಲ್ಲದು. ನಾರಿನ ಪ್ರಮಾಣ ಏರಿದಷ್ಟೂ ಹೀರಿಕೆಯೂ ಏರುತ್ತದೆ. ನೀರು ಮೂರು ದಾರಿಯಿಂದ ಒಳಬರುತ್ತದೆ: ರಾಳದ ಮೂಲಕ ನಿಧಾನವಾಗಿ ವಿಸರಣಗೊಂಡು, ನಾರಿನ ನಡುವಿನ ಪೊಳ್ಳು ಕೊಳವೆಯಲ್ಲಿ ಲೋಮನಾಳದ ಸೆಳೆತದಿಂದ, ನಾರು ಮತ್ತು ರಾಳದ ನಡುವಣ ಬಿರುಕುಗಳಲ್ಲಿ ನುಸುಳಿಕೊಂಡು. ಒಳಬಂದ ನೀರಿನಿಂದ ನಾರು ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಉಬ್ಬುವುದು ಅತ್ಯಲ್ಪ. ಸುತ್ತಲಿನ ರಾಳ ಆ ಪ್ರಮಾಣದಲ್ಲಿ ಉಬ್ಬದೆ ಇರುವುದರಿಂದ ಎರಡರ ಗಡಿಯಲ್ಲಿ ಒತ್ತಡ ಹುಟ್ಟಿ ಸೂಕ್ಷ್ಮ ಬಿರುಕುಗಳು ಬೀಳುತ್ತವೆ, ಆ ಬಿರುಕುಗಳು ಇನ್ನಷ್ಟು ನೀರಿಗೆ ದಾರಿಯಾಗುತ್ತವೆ. ಮುಂದೆ ತುಂಡು ಒಣಗಿದಾಗ ನಾರು ಕುಗ್ಗಿ ರಾಳದ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಒಮ್ಮೆ ಬಿಟ್ಟ ಆ ಹಿಡಿತ ಮತ್ತೆ ಕೂಡುವುದಿಲ್ಲ.

ಇಷ್ಟು ಓದಿದವರು, ನೆನೆದ ತುಂಡು ಒಣ ತುಂಡಿಗಿಂತ ಬೇಗ ಸವೆಯಬೇಕು ಎಂದು ತೀರ್ಮಾನಿಸುವುದು ಸಹಜ. 1953ರಲ್ಲಿ ಆರ್ಚರ್ಡ್ ಮಂಡಿಸಿದ ನಿಯಮವೂ ಮೇಲ್ನೋಟಕ್ಕೆ ಅದನ್ನೇ ಹೇಳುತ್ತದೆ. ಸವೆದ ಗಾತ್ರವು ಹೊರೆಗೆ ಮತ್ತು ಜಾರಿದ ದೂರಕ್ಕೆ ನೇರ ಅನುಪಾತದಲ್ಲಿ, ಗಡಸುತನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ ಎಂಬುದು ಅದರ ಸಾರ. ನೀರು ರಾಳವನ್ನು ಮೆದುಗೊಳಿಸುವುದರಿಂದ ಗಡಸುತನ ಇಳಿಯಬೇಕು, ಸವೆತ ಏರಬೇಕು. ಆದರೆ ಪ್ರಯೋಗಗಳ ಫಲಿತಾಂಶ ಹೀಗೆ ಒಂದೇ ದಿಕ್ಕಿಗೆ ಓಡುವುದಿಲ್ಲ. ನೆನೆದ ತುಂಡಿನ ಘರ್ಷಣಾಂಕ (ಘರ್ಷಣೆಯ ಬಲ ಹೊರೆಯ ಎಷ್ಟು ಪಾಲು ಎಂಬ ಅಂಕಿ) ಕೆಲವೊಮ್ಮೆ ಇಳಿಯುತ್ತದೆ, ಸವೆತ ಕೆಲವೊಮ್ಮೆ ಏರುತ್ತದೆ, ಕೆಲವೊಮ್ಮೆ ಎರಡೂ ಇಳಿಯುತ್ತವೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಉಜ್ಜುವ ಜಾಗದಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ.

ಪಿನ್-ಆನ್-ಡಿಸ್ಕ್ ಎಂಬ ಯಂತ್ರದಲ್ಲಿ, ಎಎಸ್‌ಟಿಎಂ ಜಿ99 ಎಂಬ ಪದ್ಧತಿಯಂತೆ, ಪರೀಕ್ಷೆಯ ತುಂಡನ್ನು ತಿರುಗುವ ಉಕ್ಕಿನ ತಟ್ಟೆಗೆ ನಿಗದಿತ ಹೊರೆಯಿಂದ ಒತ್ತಿ ಹಿಡಿಯಲಾಗುತ್ತದೆ. ತಟ್ಟೆ ಸಾಮಾನ್ಯವಾಗಿ ಇಎನ್ 31 ಉಕ್ಕಿನದು, ಚೆನ್ನಾಗಿ ಗಡಸುಗೊಳಿಸಿದ್ದು. 50 ನ್ಯೂಟನ್ ಹೊರೆ, ಸೆಕೆಂಡಿಗೆ 1 ಮೀಟರ್ ವೇಗ, 0.5 ಘರ್ಷಣಾಂಕ ಎಂದು ಹಿಡಿದರೆ ಆ ಚಿಕ್ಕ ಜಾಗದಲ್ಲಿ 25 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ರೇಡಿಯೊ ರಿಪೇರಿ ಅಂಗಡಿಯ ಒಂದು ಸೋಲ್ಡರಿಂಗ್ ಕಡ್ಡಿಯಷ್ಟು. ಉಕ್ಕು ಶಾಖವನ್ನು ಚೆನ್ನಾಗಿ ಸಾಗಿಸುವುದರಿಂದ ಬಹುಪಾಲು ತಟ್ಟೆಗೆ ಹೋಗುತ್ತದೆ, ಆದರೂ ತುಂಡಿನ ಮುಖ ಬಿಸಿಯಾಗದೆ ಇರುವುದಿಲ್ಲ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಗೊಳಿಸಿದ ಎಪಾಕ್ಸಿಯು ಬಿರುಸು ಸ್ಥಿತಿಯಿಂದ ರಬ್ಬರಿನಂಥ ಸ್ಥಿತಿಗೆ ತಿರುಗುವ ತಾಪಮಾನ ಮೊದಲೇ ಕಡಿಮೆ. ನೀರು ಸೇರಿದರೆ ಅದು ಇನ್ನೂ ಇಳಿಯುತ್ತದೆ. ಒಣ ತುಂಡು ಈ ಶಾಖದಲ್ಲಿ ಮೆತ್ತಗಾಗಿ ತನ್ನ ರಾಳದ ತೆಳುವಾದ ಪೊರೆಯೊಂದನ್ನು ಉಕ್ಕಿನ ಮೇಲೆ ಬಳಿಯುತ್ತದೆ. ಆಮೇಲೆ ಉಜ್ಜಾಟ ನಡೆಯುವುದು ಪ್ಲಾಸ್ಟಿಕ್ಕಿಗೂ ಪ್ಲಾಸ್ಟಿಕ್ ಪೊರೆಗೂ ನಡುವೆ. ಆ ಪೊರೆ ಚೆನ್ನಾಗಿ ಅಂಟಿದರೆ ಸವೆತ ಕಡಿಮೆಯಾಗುತ್ತದೆ. ನೀರು ಬಂದರೆ ಈ ಪೊರೆ ಅಂಟುವುದೇ ಕಷ್ಟ. ಆದರೆ ಅದೇ ನೀರು ಜಾಗವನ್ನು ತಂಪಾಗಿಡುತ್ತದೆ, ಜಾರಿಸುತ್ತದೆ, ಉದುರಿದ ಪುಡಿಯನ್ನು ತೊಳೆದು ಹೊರಹಾಕುತ್ತದೆ. ಹೀಗೆ ಘರ್ಷಣೆ ಇಳಿಸುವ ಕಾರಣವೊಂದು, ಸವೆತ ಏರಿಸುವ ಕಾರಣ ಇನ್ನೊಂದು, ಎರಡೂ ಒಂದೇ ಹನಿ ನೀರಿನಿಂದ ಬರುತ್ತವೆ. ಯಾವುದರ ಕೈ ಮೇಲಾಗುತ್ತದೆ ಎಂಬುದನ್ನು ಹೊರೆ, ವೇಗ ಮತ್ತು ನಾರು–ರಾಳದ ಹಿಡಿತ ನಿರ್ಧರಿಸುತ್ತವೆ. ಇದನ್ನು ಮರೆತು ‘ಘರ್ಷಣೆ ಕಡಿಮೆಯಾಯಿತು, ಆದ್ದರಿಂದ ನೆನೆದ ಬುಶ್ ಹೆಚ್ಚು ಬಾಳಿಕೆ ಬರುತ್ತದೆ’ ಎಂದು ಬರೆಯುವವರಿದ್ದಾರೆ. ಘರ್ಷಣೆ ಮತ್ತು ಸವೆತ ಎರಡು ಬೇರೆ ಗುಣಗಳು, ಒಂದರಿಂದ ಇನ್ನೊಂದನ್ನು ಊಹಿಸುವಂತಿಲ್ಲ.

ಇನ್ನು ಅಳತೆಯ ವಿಷಯಕ್ಕೆ ಬರೋಣ. ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಇರುವುದು ಇಲ್ಲಿ. ಸವೆತವನ್ನು ಅಳೆಯುವ ಸುಲಭ ದಾರಿಯೆಂದರೆ ಉಜ್ಜುವ ಮೊದಲು ಮತ್ತು ಆಮೇಲೆ ತುಂಡನ್ನು ತೂಗಿ ವ್ಯತ್ಯಾಸ ತೆಗೆಯುವುದು. ಒಣ ತುಂಡಿಗೆ ಇದು ಸರಿ. ನೆನೆದ ತುಂಡಿಗೆ ಏನಾಗುತ್ತದೆ ಎಂದು ಒಂದು ಉದಾಹರಣೆಯ ಲೆಕ್ಕ ಹಾಕಿ ನೋಡೋಣ. ತುಂಡಿನ ಅಳತೆ 10×10×20 ಮಿಲಿಮೀಟರ್, ಸಾಂದ್ರತೆ ಘನ ಸೆಂಟಿಮೀಟರಿಗೆ 1.2 ಗ್ರಾಂ ಎಂದುಕೊಂಡರೆ ಒಣ ತೂಕ 2.4 ಗ್ರಾಂ. ಅದು ಶೇ 10ರಷ್ಟು ನೀರು ಕುಡಿದಿದ್ದರೆ ಒಳಗಿರುವ ನೀರು 240 ಮಿಲಿಗ್ರಾಂ. ಒಂದು ನ್ಯೂಟನ್ ಹೊರೆಯಲ್ಲಿ ಒಂದು ಮೀಟರ್ ಜಾರಿದರೆ 0.00001 ಘನ ಮಿಲಿಮೀಟರ್ ಸವೆಯುತ್ತದೆ ಎಂಬುದು ಇಂಥ ವಸ್ತುವಿಗೆ ನಂಬಬಹುದಾದ ಅಂಕಿ. 50 ನ್ಯೂಟನ್ ಹೊರೆಯಲ್ಲಿ 5,000 ಮೀಟರ್ ಉಜ್ಜಿದರೆ 2.5 ಘನ ಮಿಲಿಮೀಟರ್, ತೂಕದಲ್ಲಿ 3 ಮಿಲಿಗ್ರಾಂ ಸವೆಯಬೇಕು. ಅಂದರೆ, ಒಳಗಿದ್ದ ನೀರಿನಲ್ಲಿ ನೂರಕ್ಕೆ ಒಂದೂಕಾಲು ಪಾಲು ಆವಿಯಾದರೂ ತಕ್ಕಡಿಯಲ್ಲಿ ಸವೆತ ಇಮ್ಮಡಿಯಾಗಿ ಕಾಣುತ್ತದೆ. ಉಜ್ಜಾಟಕ್ಕೆ ಹಿಡಿಯುವ ಸಮಯ ಸುಮಾರು ಒಂದು ಗಂಟೆ ಇಪ್ಪತ್ತಮೂರು ನಿಮಿಷ. ಅಷ್ಟು ಹೊತ್ತು ಆ ತುಂಡನ್ನು ಉಜ್ಜದೆ ಸುಮ್ಮನೆ ಒಣಗಾಳಿಯಲ್ಲಿಟ್ಟರೂ ಅದರ ಐದು ಮುಖಗಳಿಂದ ಕೆಲವು ಮಿಲಿಗ್ರಾಂ ನೀರು ಹೋಗುತ್ತದೆ. ಉಜ್ಜಿದರೆ ಹುಟ್ಟುವ ಶಾಖದಿಂದ ಇನ್ನೂ ಹೆಚ್ಚು.

ಇದರ ಪರಿಣಾಮ ವಿಚಿತ್ರವಾದದ್ದು. ಒಂದೇ ಅಚ್ಚಿನಿಂದ ತೆಗೆದು ಒಂದೇ ತೊಟ್ಟಿಯಲ್ಲಿ ನೆನೆಸಿದ ಎರಡು ತುಂಡುಗಳಲ್ಲಿ ಒಂದನ್ನು ಆಷಾಢದ ಜಡಿಮಳೆಯಲ್ಲಿ ಬೆಳಗಾವಿಯಲ್ಲೂ ಇನ್ನೊಂದನ್ನು ಏಪ್ರಿಲ್ ಬಿಸಿಲಿನಲ್ಲಿ ವಿಜಯಪುರದಲ್ಲೂ ಉಜ್ಜಿದರೆ, ವಿಜಯಪುರದ ತುಂಡು ಹೆಚ್ಚು ಸವೆಯುವಂತೆ ಅಂಕಿ ತೋರಿಸುತ್ತದೆ. ವಸ್ತು ಬೇರೆಯಲ್ಲ, ಯಂತ್ರ ಬೇರೆಯಲ್ಲ, ಗಾಳಿಯ ತೇವ ಮಾತ್ರ ಬೇರೆ. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ: ನೀರು ಸುರಿಯುತ್ತಾ ಪರೀಕ್ಷೆ ನಡೆಸಿದರೆ ತುಂಡು ಉಜ್ಜುವಾಗಲೂ ನೀರು ಕುಡಿಯುತ್ತಿರುತ್ತದೆ, ಕೊನೆಯಲ್ಲಿ ತೂಕ ಹೆಚ್ಚಿ ಸವೆತವೇ ಇಲ್ಲ ಎಂಬಂತಾಗುತ್ತದೆ. ತೂಕದ ಬದಲು ಯಂತ್ರದ ಎಲ್‌ವಿಡಿಟಿ ಸಂವೇದಕದಿಂದ ತುಂಡಿನ ಉದ್ದ ಇಳಿಯುವುದನ್ನು ನೋಡಿದರೆ ನೀರಿನ ತೂಕದ ಗೊಡವೆ ತಪ್ಪುತ್ತದೆ, ಆದರೆ ಅದಕ್ಕೆ ಬಿಸಿಯಿಂದ ಹಿಗ್ಗುವುದು, ಒಣಗಿ ಕುಗ್ಗುವುದು ಎರಡೂ ಸವೆತದ ಲೆಕ್ಕಕ್ಕೇ ಸೇರುತ್ತವೆ. ಮಾಡಬಹುದಾದ ಸರಳ ತಿದ್ದುಪಡಿಯೆಂದರೆ, ನೆನೆಸಿದ ಪ್ರತಿ ಗುಂಪಿನಿಂದ ಒಂದು ಸಾಕ್ಷಿ ತುಂಡನ್ನು ಉಜ್ಜದೆ, ಅದೇ ಯಂತ್ರದ ಪಕ್ಕದಲ್ಲಿ, ಸಾಧ್ಯವಾದರೆ ಅದೇ ಬಿಸಿಯಲ್ಲಿ, ಅಷ್ಟೇ ಹೊತ್ತು ಇಟ್ಟು ಅದು ಕಳೆದುಕೊಂಡ ತೂಕವನ್ನು ಕಳೆಯುವುದು. ಜೊತೆಗೆ ಉಜ್ಜಿದ ತುಂಡನ್ನು ಕೊನೆಗೆ ತೂಕ ನಿಲ್ಲುವವರೆಗೆ ಒಣಗಿಸಿ, ನೆನೆಸುವ ಮೊದಲಿನ ಒಣ ತೂಕದೊಂದಿಗೆ ಹೋಲಿಸುವುದು. ಒಂದು ತಕ್ಕಡಿ, ಒಂದು ಓವನ್ ಸಾಕಾಗುವ ಕೆಲಸವಿದು. ನೆನೆದ ನಾರಿನ ಸವೆತದ ವರದಿಯಲ್ಲಿ ಈ ಎರಡು ಸಾಲುಗಳಿಲ್ಲದಿದ್ದರೆ, ಅದರ ಅಂಕಿಯಲ್ಲಿ ಸವೆತವೆಷ್ಟು, ಒಣಗಿದ್ದೆಷ್ಟು ಎಂಬುದನ್ನು ಬೇರ್ಪಡಿಸಲು ಓದುಗನಿಗೆ ದಾರಿಯಿಲ್ಲ.

ಮೇಲಿನ ಲೆಕ್ಕದಿಂದಲೇ ಇನ್ನೊಂದು ಸಂಗತಿ ಹೊರಬರುತ್ತದೆ. 2.5 ಘನ ಮಿಲಿಮೀಟರನ್ನು 100 ಚದರ ಮಿಲಿಮೀಟರಿನ ಮುಖಕ್ಕೆ ಹಂಚಿದರೆ ಸವೆದ ಆಳ 0.025 ಮಿಲಿಮೀಟರ್. ಇಡೀ ಪರೀಕ್ಷೆ ನಡೆದದ್ದು ಕಾಗದಕ್ಕಿಂತ ತೆಳುವಾದ ಪದರದಲ್ಲಿ. ಅತ್ತ ನೆನೆಯುವಿಕೆಯನ್ನು ನಾವು ಅಳೆಯುವುದು ಇಡೀ ತುಂಡಿನ ತೂಕದಿಂದ. ಎಎಸ್‌ಟಿಎಂ ಡಿ570 ಪದ್ಧತಿಯ ಪರಿಚಿತ ಪರೀಕ್ಷೆಯಲ್ಲಿ ಒಣಗಿಸಿದ ತುಂಡನ್ನು 23 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟು ತೂಗುತ್ತಾರೆ. ಇಂಥ ಕಾಂಪೋಸಿಟ್‌ಗಳಲ್ಲಿ ನೀರಿನ ವಿಸರಣಾಂಕ, ಅಂದರೆ ಅದು ಎಷ್ಟು ಬೇಗ ಒಳಗೆ ಹರಡುತ್ತದೆ ಎಂಬುದರ ಅಳತೆ, ಸಾಮಾನ್ಯವಾಗಿ ಸೆಕೆಂಡಿಗೆ 10⁻¹² ಚದರ ಮೀಟರಿನ ಆಸುಪಾಸಿನಲ್ಲಿರುವುದರಿಂದ, ಒಂದು ದಿನದಲ್ಲಿ ನೀರು ಚೆನ್ನಾಗಿ ಇಳಿಯುವ ಆಳ ಸುಮಾರು 0.3 ಮಿಲಿಮೀಟರ್. ತುಂಡಿನ ಒಳಭಾಗ ಇನ್ನೂ ಒಣಗಿಯೇ ಇರುತ್ತದೆ, ಆದರೆ ಸವೆಯಲಿರುವ ಪದರ ಆಗಲೇ ತೊಯ್ದು ತೊಪ್ಪೆಯಾಗಿರುತ್ತದೆ. ಹೀಗಾಗಿ ‘ಶೇ 3ರಷ್ಟು ನೀರು ಹೀರಿದಾಗ ಇಷ್ಟು ಸವೆತ, ಶೇ 10ರಷ್ಟು ಹೀರಿದಾಗ ಇಷ್ಟು’ ಎಂದು ಎಳೆಯುವ ರೇಖೆಗಳಿಗೆ ಅರ್ಥ ಕಡಿಮೆ. ತೂಕ ಹೇಳುವುದು ಒಡಲಿನ ಸಂಗತಿ, ಸವೆತ ಹೇಳುವುದು ಚರ್ಮದ ಸಂಗತಿ. ಒಡಲಿನ ನೆನೆಯುವಿಕೆ ಮುಖ್ಯವಾಗುವುದು ದೀರ್ಘಕಾಲದಲ್ಲಿ, ನಾರಿನ ಹಿಡಿತ ಆಳದವರೆಗೂ ಸಡಿಲಗೊಂಡು ತುಂಡು ತುಂಡಾಗಿ ಕಿತ್ತುಬರಲು ತೊಡಗಿದಾಗ. ಅಷ್ಟರಮಟ್ಟಿಗೆ ನೆನೆಯಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 3 ಮಿಲಿಮೀಟರಿನ ಹಾಳೆಗೆ ಎರಡು ತಿಂಗಳು ಬೇಕಾದರೆ 6 ಮಿಲಿಮೀಟರಿನದಕ್ಕೆ ಎಂಟು ತಿಂಗಳು. ಹಾಳೆಯ ಫಲಿತಾಂಶವನ್ನು ದಪ್ಪ ಬುಶ್ಶಿಗೆ ನೇರವಾಗಿ ಅನ್ವಯಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಾರನ್ನು ಯಾವ ದಿಕ್ಕಿಗೆ ಇಡಬೇಕು ಎಂಬ ಪ್ರಶ್ನೆಯೂ ಇಲ್ಲಿ ತಿರುವುಮುರುವಾಗುತ್ತದೆ. ಪುಂಡಿ ನಾರು–ಎಪಾಕ್ಸಿಯಂಥ ಕಾಂಪೋಸಿಟ್‌ಗಳ ಒಣ ಪರೀಕ್ಷೆಗಳಲ್ಲಿ ನಾರಿನ ತುದಿಗಳು ಉಜ್ಜುವ ಮುಖಕ್ಕೆ ನೆಟ್ಟಗೆ ನಿಂತಾಗ ಸವೆತ ಅತಿ ಕಡಿಮೆ ಎಂದು ಕಂಡುಬಂದಿದೆ. ಬೇರು ಆಳದಲ್ಲಿರುವ ನಾರನ್ನು ಕಿತ್ತುಹಾಕುವುದು ಕಷ್ಟ, ಮಲಗಿದ ನಾರು ಸುಲಭವಾಗಿ ಸುಲಿದು ಬರುತ್ತದೆ. ಆದರೆ ನೆಟ್ಟಗೆ ನಿಂತ ಪ್ರತಿ ನಾರಿನ ತುದಿಯೂ ದ್ರವಕ್ಕೆ ತೆರೆದ ಬಾಯಿ. ನಾರಿನ ಉದ್ದಕ್ಕೆ ನೀರು ಸಾಗುವ ವೇಗ ಅಡ್ಡಕ್ಕೆ ಸಾಗುವುದಕ್ಕಿಂತ ಬಹಳ ಹೆಚ್ಚು. ಒಣ ಕೆಲಸಕ್ಕೆ ಅತ್ಯುತ್ತಮವಾದ ಜೋಡಣೆ ತೇವದ ಕೆಲಸಕ್ಕೆ ಅತಿ ಬೇಗ ನೆನೆಯುವ ಜೋಡಣೆಯೂ ಹೌದು. ಒಣ ಅಂಕಿ ನೋಡಿ ನೆಟ್ಟನೆಯ ನಾರಿನ ಬುಶ್ಶನ್ನು ಕಾಲುವೆ ಗೇಟಿಗೆ ಆರಿಸುವುದು ಅವಸರದ ತೀರ್ಮಾನವಾದೀತು.

ದ್ರವಗಳೆಲ್ಲ ನೀರಿನಂತಲ್ಲ. ಹೈಡ್ರಾಲಿಕ್ ಎಣ್ಣೆಯ ಅಣುವಿಗೆ ಹೈಡ್ರಾಕ್ಸಿಲ್ ಗುಂಪುಗಳ ಮೇಲೆ ಮೋಹವಿಲ್ಲ. ಅದು ನಾರನ್ನು ಉಬ್ಬಿಸುವುದಿಲ್ಲ, ಬಿರುಕು ಮತ್ತು ಪೊಳ್ಳುಗಳಲ್ಲಿ ಹೋಗಿ ಕೂರುತ್ತದೆ ಅಷ್ಟೆ. ಅದರ ಸ್ನಿಗ್ಧತೆಯೂ ಹೆಚ್ಚು: ವಿಜಿ 68 ಎಂಬ ಗ್ರೇಡಿನ ಹೆಸರೇ 40 ಡಿಗ್ರಿಯಲ್ಲಿ 68 ಸೆಂಟಿಸ್ಟೋಕ್ಸ್ ಎಂದು ಹೇಳುತ್ತದೆ, ಅದೇ ತಾಪಮಾನದಲ್ಲಿ ಡೀಸೆಲ್ಲಿನದು 2ರಿಂದ 4.5, ನೀರಿನದು 0.66. ದಪ್ಪ ಎಣ್ಣೆ ನಿಧಾನವಾಗಿ ಒಳಹೋಗುತ್ತದೆ, ಹೋದ ಮೇಲೆ ಬೇಗ ಹೊರಬರುವುದಿಲ್ಲ. ಉಜ್ಜಿ ಬಿಸಿಯಾದಾಗ ಸ್ವಲ್ಪ ಸ್ವಲ್ಪವೇ ಜಿನುಗಿ ಮುಖದ ಮೇಲೆ ಹೊರೆ ತಾಳಬಲ್ಲ ಪೊರೆಯಾಗುತ್ತದೆ. ಎಣ್ಣೆ ಹೀರಿದ ರಂಧ್ರಮಯ ಕಂಚಿನ ಬುಶ್‌ಗಳು ದಶಕಗಳಿಂದ ಕೆಲಸ ಮಾಡುತ್ತಿರುವುದು ಇದೇ ತತ್ವದ ಮೇಲೆ. ಡೀಸೆಲ್ ಮತ್ತು ಪೆಟ್ರೋಲ್ ತೆಳು ದ್ರವಗಳು. ಎರಡೂ ಬೇಗ ಒಳಹೋಗುತ್ತವೆ, ಪೆಟ್ರೋಲಂತೂ ಬೇಗ ಆರುತ್ತದೆ, ಹೊರೆ ಹೊರುವ ಪೊರೆಯನ್ನು ಎರಡೂ ಕಟ್ಟಲಾರವು. ಸರಿಯಾಗಿ ಗಟ್ಟಿಯಾಗದ ಪಾಲಿಯೆಸ್ಟರಿನಲ್ಲಿ ಉಳಿದ ಸ್ಟೈರೀನನ್ನು ಕರಗಿಸಿ ಹೊರಗೆಳೆಯಲೂಬಲ್ಲವು.

ಪೆಟ್ರೋಲಿನ ಮಾತು ಬಂದಾಗ ಎಥನಾಲನ್ನು ಬಿಡುವಂತಿಲ್ಲ, ಅದರಲ್ಲೂ ಕಬ್ಬಿನಿಂದ ಎಥನಾಲ್ ತೆಗೆಯುವ ಜಿಲ್ಲೆಗಳಲ್ಲಿ ಕುಳಿತು ಬರೆಯುವಾಗ. ದೇಶದ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2030ರಿಂದ ಹಿಂದಕ್ಕೆ ತಂದು, 2025ರಲ್ಲಿ ಆ ಮಟ್ಟವನ್ನು ಮುಟ್ಟಲಾಯಿತು. ಎಥನಾಲಿನಲ್ಲಿ ಹೈಡ್ರಾಕ್ಸಿಲ್ ಗುಂಪಿದೆ. ಅದು ನೀರಿನೊಂದಿಗೆ ಸಲೀಸಾಗಿ ಬೆರೆಯುತ್ತದೆ, ಎಪಾಕ್ಸಿಯಂಥ ರಾಳಗಳನ್ನು ಮೆದುಗೊಳಿಸುತ್ತದೆ. ಶುದ್ಧ ಪೆಟ್ರೋಲಿನಲ್ಲಿ ನೆನೆಸಿದ ತುಂಡುಗಳ ಹಳೆಯ ಫಲಿತಾಂಶಗಳು ಇಂದಿನ ಬಂಕಿನ ಪೆಟ್ರೋಲಿಗೆ ಅನ್ವಯಿಸುತ್ತವೆ ಎಂದು ಭಾವಿಸಲು ಕಾರಣವಿಲ್ಲ.

ಉಪ್ಪುನೀರು ಎಂದೊಡನೆ ಕಡಲು ನೆನಪಾಗುತ್ತದೆ. ಆದರೆ ಕಡಲಿಲ್ಲದ ವಿಜಯಪುರದಲ್ಲಿ ಡೋಣಿ ನದಿಯ ನೀರೇ ಸವಳು, ಕೃಷ್ಣೆಯ ಕಾಲುವೆಗಳ ಕೆಳಗಿನ ಕಪ್ಪು ಮಣ್ಣಿನಲ್ಲಿ ಸವಳು–ಜವಳು ಹಳೆಯ ಸಮಸ್ಯೆ. ಕಾಂಪೋಸಿಟ್ ಉಪ್ಪುನೀರನ್ನು ಸಾಮಾನ್ಯವಾಗಿ ಸಿಹಿನೀರಿಗಿಂತ ಕಡಿಮೆ ಹೀರುತ್ತದೆ, ಉಪ್ಪು ಕರಗಿದ ನೀರಿಗೆ ಒಳನುಗ್ಗುವ ಒತ್ತಡ ಕಡಿಮೆ. ಇದನ್ನಷ್ಟೇ ಓದಿ ಸಮಾಧಾನಪಟ್ಟರೆ ಆಗದು. ನೀರು ಆರಿದಾಗ ಉಪ್ಪು ಬಿರುಕಿನಲ್ಲಿ ಹರಳುಗಟ್ಟಿ ಅದನ್ನು ಅಗಲಿಸುತ್ತದೆ. ಅದಕ್ಕಿಂತ ಮುಖ್ಯವಾಗಿ ಎದುರಿನ ಉಕ್ಕಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದು ಒರಟಾದ, ಇಎನ್ 8 ಎಂಬ ಸಾಮಾನ್ಯ ಉಕ್ಕಿನ ಶಾಫ್ಟು ಮೆದು ಬುಶ್ಶನ್ನು ಅರದಂತೆ ತಿನ್ನುತ್ತದೆ. ಈ ಸಂದರ್ಭದಲ್ಲಿ ಸವೆತಕ್ಕೆ ಕಾರಣ ನೆನೆದ ನಾರಲ್ಲ, ನೆನೆದ ಉಕ್ಕು. ಸ್ಟೇನ್‌ಲೆಸ್ ತಟ್ಟೆಯ ಮೇಲೆ ನಡೆದ ಪರೀಕ್ಷೆ ಇದನ್ನು ತೋರಿಸುವುದೇ ಇಲ್ಲ. ಕಬ್ಬಿನ ಹಾಲಿನ ಕಥೆ ಇನ್ನೂ ಬೇರೆ. ಅದು 5ರಿಂದ 5.5ರ ಪಿಎಚ್ ಇರುವ ತೆಳು ಆಮ್ಲ, ನಿಂತಲ್ಲಿ ಹುಳಿಯುತ್ತದೆ, ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ಆರಿದರೆ ಅಂಟು ಸಕ್ಕರೆಯನ್ನು ರಂಧ್ರಗಳಲ್ಲಿ ಬಿಟ್ಟುಹೋಗುತ್ತದೆ.

ಬುಶ್ ಮಾಡುವವರಿಗೆ ಸವೆತಕ್ಕಿಂತ ಮೊದಲು ಎದುರಾಗುವುದು ಉಬ್ಬುವಿಕೆ. ಲೋಹದ ಕವಚದೊಳಗೆ ಬಿಗಿಯಾಗಿ ಒತ್ತಿ ಕೂರಿಸಿದ ಬುಶ್ ಹೊರಕ್ಕೆ ಉಬ್ಬಲಾರದು, ಒಳಕ್ಕೇ ಉಬ್ಬಬೇಕು. ಗೋಡೆಯ ದಪ್ಪ 5 ಮಿಲಿಮೀಟರ್ ಇದ್ದು ಶೇ 2ರಷ್ಟು ಉಬ್ಬಿದರೂ ಒಳವ್ಯಾಸ 0.2 ಮಿಲಿಮೀಟರ್ ಕಡಿಮೆಯಾಗುತ್ತದೆ. ಶಾಫ್ಟಿಗೆ ಬಿಟ್ಟ ಸಡಿಲು 0.15 ಮಿಲಿಮೀಟರ್ ಆಗಿದ್ದರೆ ಬುಶ್ ಶಾಫ್ಟನ್ನು ಕಚ್ಚಿ ಹಿಡಿದಂತೆಯೇ. ನೈಲಾನ್ ಬುಶ್ ತಿರುವುವ ಲೇತಿನವರಿಗೆ ಇದು ಗೊತ್ತಿರುವ ಸಂಗತಿ, ಸಾಮಾನ್ಯ ನೈಲಾನ್ 6 ನೀರಿನಲ್ಲಿ ಪೂರ್ತಿ ನೆನೆದರೆ ಶೇ 9ರಷ್ಟು ಹೀರುತ್ತದೆ, ಆದ್ದರಿಂದ ತೇವದ ಜಾಗಕ್ಕೆ ಅವರು ಸಡಿಲನ್ನು ಹೆಚ್ಚು ಬಿಡುತ್ತಾರೆ. ನಾರಿನ ಬುಶ್ಶಿಗೂ ಅದನ್ನೇ ಮಾಡಬಹುದು, ಆದರೆ ಹಂಗಾಮು ಮುಗಿದು ಒಣಗಿದಾಗ ಅದೇ ಸಡಿಲು ಅತಿಯಾಗಿ ಶಾಫ್ಟು ಅಲುಗಾಡುತ್ತದೆ.

ಪರಿಹಾರವಾಗಿ ಎಲ್ಲರೂ ಹೇಳುವುದು ನಾರಿಗೆ ಕಾಸ್ಟಿಕ್ ಸೋಡಾದ ಸಂಸ್ಕಾರ. 1844ರಲ್ಲಿ ಜಾನ್ ಮರ್ಸರ್ ಹತ್ತಿಗೆ ಮಾಡಿದ್ದೂ ಇದನ್ನೇ. ಶೇ 5ರ ಆಸುಪಾಸಿನ ದ್ರಾವಣದಲ್ಲಿ ಅದ್ದಿದರೆ ಮೇಣ ಮತ್ತು ಒಂದಷ್ಟು ಹೆಮಿಸೆಲ್ಯುಲೋಸ್ ಹೋಗಿ ಮೈ ಒರಟಾಗುತ್ತದೆ, ರಾಳದ ಹಿಡಿತ ಬಲಗೊಳ್ಳುತ್ತದೆ, ನೀರು ಹೀರುವುದೂ ಇಳಿಯುತ್ತದೆ. ಅತಿಯಾದರೆ ನಾರೇ ಸೊರಗುತ್ತದೆ. ಸಿಲೇನ್, ಅಸಿಟೈಲೀಕರಣ ಮೊದಲಾದ ಬೇರೆ ರಾಸಾಯನಿಕ ಸಂಸ್ಕಾರಗಳು ಇನ್ನೂ ಪರಿಣಾಮಕಾರಿ, ಖರ್ಚೂ ಹೆಚ್ಚು. ಇವೆಲ್ಲ ನೆನೆಯುವ ವೇಗವನ್ನು ತಗ್ಗಿಸುತ್ತವೆ, ನೆನೆಯುವುದನ್ನು ನಿಲ್ಲಿಸುವುದಿಲ್ಲ. ಜೊತೆಗೆ ಸಂಸ್ಕರಿಸಿದ ನಾರನ್ನು ತೊಳೆಯಲು ಬಳಸುವ ನೀರು ಮತ್ತು ಹೊರಬರುವ ಕ್ಷಾರದ ಲೆಕ್ಕವನ್ನು ‘ಪರಿಸರಸ್ನೇಹಿ’ ಎಂಬ ಚೀಟಿ ಅಂಟಿಸುವವರು ಹೆಚ್ಚಾಗಿ ತೋರಿಸುವುದಿಲ್ಲ.

ಹಾಗೆಂದು ನಾರಿನ ಬುಶ್ ತೇವದಲ್ಲಿ ಬಾಳಲಾರದು ಎನ್ನುವಂತಿಲ್ಲ. ಹತ್ತಿಬಟ್ಟೆಯನ್ನು ಫಿನಾಲಿಕ್ ರಾಳದಲ್ಲಿ ಅದ್ದಿ ಒತ್ತಿ ಮಾಡಿದ, ಲೇತ್ ಅಂಗಡಿಗಳಲ್ಲಿ ‘ಹೈಲಂ’ ಎಂದು ಕೇಳಿ ಕೊಳ್ಳುವ ವಸ್ತುವೂ ನೈಸರ್ಗಿಕ ನಾರಿನ ಕಾಂಪೋಸಿಟ್ಟೇ. ಇದೇ ಜಾತಿಯ ಬೇರಿಂಗುಗಳು ಉಕ್ಕಿನ ರೋಲಿಂಗ್ ಮಿಲ್ಲುಗಳಲ್ಲಿ ನೀರನ್ನೇ ಕೀಲೆಣ್ಣೆಯಾಗಿ ಬಳಸಿಕೊಂಡು ದುಡಿದಿವೆ. ಅದಕ್ಕೂ ಮೊದಲು, 1854ರಲ್ಲಿ ಜಾನ್ ಪೆನ್ ಪೇಟೆಂಟ್ ಪಡೆದಂದಿನಿಂದ, ಲಿಗ್ನಮ್ ವೀಟೇ ಎಂಬ ಮರದ ಬೇರಿಂಗುಗಳು ಹಡಗುಗಳ ಪ್ರೊಪೆಲ್ಲರ್ ಶಾಫ್ಟುಗಳನ್ನು ಕಡಲ ನೀರಿನಲ್ಲೇ ಹೊತ್ತವು. ಆ ಮರದ ನಾರುಗಳ ನಡುವೆ ಅದರದೇ ರಾಳ ತುಂಬಿರುತ್ತದೆ. ಈ ಎರಡು ಉದಾಹರಣೆಗಳಲ್ಲೂ ಸಮಾನವಾದ ಅಂಶಗಳಿವೆ: ನಾರಿನ ಒಳಗಿನ ಪೊಳ್ಳು ಮೊದಲೇ ಭರ್ತಿಯಾಗಿದೆ, ಬೇರಿಂಗ್ ಕೆಲಸ ಮಾಡುವಾಗ ಯಾವಾಗಲೂ ನೀರಿನಲ್ಲೇ ಇರುತ್ತದೆ, ಉಬ್ಬುವಿಕೆಗೆ ಸಡಿಲನ್ನು ಮೊದಲೇ ಬಿಡಲಾಗಿದೆ. ನೆನೆದು ಒಣಗಿ ಮತ್ತೆ ನೆನೆಯುವ ಚಕ್ರ ಅಲ್ಲಿಲ್ಲ.

ಈ ಮಾನದಂಡದಿಂದ ನೋಡಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ನಮ್ಮ ಮೂರು ಜಿಲ್ಲೆಗಳಲ್ಲಿ ನಾರಿನ ಕಾಂಪೋಸಿಟ್ಟಿಗೆ ಮೊದಲ ಜಾಗ ಹೈಡ್ರಾಲಿಕ್ ಸಿಲಿಂಡರಿನೊಳಗಿನ ಗೈಡ್ ಪಟ್ಟಿಯಂಥ, ಸದಾ ಎಣ್ಣೆಯಲ್ಲಿರುವ ಭಾಗಗಳಲ್ಲಿದೆ. ಬಟ್ಟೆ–ಫಿನಾಲಿಕ್ ಅಲ್ಲಿ ಈಗಾಗಲೇ ರೂಢಿಯಲ್ಲಿರುವುದರಿಂದ ಹೋಲಿಕೆಗೆ ಅಳತೆಗೋಲೂ ಸಿದ್ಧವಿದೆ. ವರ್ಷವಿಡೀ ನೀರಿನೊಳಗೇ ಮುಳುಗಿರುವ, ನಿಧಾನವಾಗಿ ತಿರುಗುವ ಭಾಗಗಳು ಎರಡನೆಯ ಜಾಗ, ಅಲ್ಲಿ ಶಾಫ್ಟಿಗೆ ತುಕ್ಕು ಹಿಡಿಯದಂತೆ ಮಾಡುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಗಾಣದ ಬುಶ್ ಕೊನೆಯದು. ನವೆಂಬರಿನಿಂದ ಮಾರ್ಚಿನವರೆಗೆ ಕಬ್ಬಿನ ಹಾಲು, ಆಮೇಲೆ ತಿಂಗಳುಗಟ್ಟಲೆ ಒಣ ಬಿಸಿಲು, ನಡುವೆ ಹುಳಿಯುವ ಸಕ್ಕರೆ, ಭಾರೀ ಹೊರೆ. ಮೇಲೆ ಹೇಳಿದ ಎಲ್ಲ ಕಷ್ಟಗಳೂ ಒಟ್ಟಿಗೆ ಬಂದು ಬೀಳುವ ಜಾಗವದು. ಅಲ್ಲಿ ನಾರಿನ ಬುಶ್ಶನ್ನು ಪರೀಕ್ಷಿಸಹೊರಟವರು ಕನಿಷ್ಠ ಎರಡು ಹಂಗಾಮುಗಳ ಅವಧಿಯನ್ನೂ, ಅವುಗಳ ನಡುವಿನ ಬೇಸಿಗೆಯನ್ನೂ ಪರೀಕ್ಷೆಗೆ ಸೇರಿಸಿಕೊಳ್ಳಬೇಕು, ಬುಶ್ಶಿನ ಒಳವ್ಯಾಸವನ್ನು ಹಸಿಯಾಗಿರುವಾಗ ಮತ್ತು ಒಣಗಿದ ಮೇಲೆ ಪ್ರತ್ಯೇಕವಾಗಿ ಅಳೆದು ಬರೆದಿಡಬೇಕು. ಅಂಥ ದಾಖಲೆ ಕೈಗೆ ಸಿಗುವವರೆಗೆ ಗಾಣದಲ್ಲಿ ಗನ್‌ಮೆಟಲ್ ಮುಂದುವರಿಯುವುದೇ ಲೇಸು.